ಉಪ್ಪು ಬೆರೆಸುವ ಕೈ

ನನ್ನ ಮುಟ್ಟು ಯಾವಾಗ ಬಂತು, ಯಾವಾಗ ಹೋಯಿತು ಎನ್ನುವುದು ನನಗಿಂತ ಚೆನ್ನಾಗಿ ನಮ್ಮ ಹೋಟೆಲಿನ ಗಿರಾಕಿಗಳಿಗೆ ಗೊತ್ತಿತ್ತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಬೆಳಗಿನ ಇಡ್ಲಿ ಮೆತ್ತಗಿದ್ದರೆ ಸೇವಂತಿ ಒಳಗಿದ್ದಾಳೆ ಎಂದರ್ಥ. ಚಮಚ ಒತ್ತಿದ ಕೂಡಲೇ ಇಡ್ಲಿ ತಟ್ಟೆಯಿಂದ ಜಿಗಿದು ಪಕ್ಕದವರ ಸಾಂಬಾರಿಗೆ ಬಿದ್ದರೆ ಸೇವಂತಿ ಹೊರಗೆ ಕೂತಿದ್ದಾಳೆ ಎಂದರ್ಥ. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ಅಷ್ಟೆ.

ಸೇವಂತಿ ಎಂದರೆ ನಾನೇ. ಗೋರೆಗಾಂವ್ ಸ್ಟೇಷನ್ನಿಂದ ಪಶ್ಚಿಮಕ್ಕೆ ಇಳಿದರೆ ಎರಡನೇ ತಿರುವಿನಲ್ಲಿ ನನ್ನ ಗಂಡ ಕಾಂತಪ್ಪನವರ ಹೋಟೆಲಿದೆ, ಅದರ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ನಾವು ಉಡುಪಿ ಕಡೆಯವರು. ಅಕ್ಕಿ, ಉದ್ದು ರುಬ್ಬುವುದೇನೋ ಗ್ರೈಂಡರೇ. ಆದರೆ ರುಬ್ಬಿದ ಹಿಟ್ಟಿಗೆ ಉಪ್ಪು ಹಾಕಿ ಬೆರೆಸುವುದು ಮಾತ್ರ ಕೈಯಿಂದಲೇ ಆಗಬೇಕು. ಕೈಯ ಬಿಸಿ ತಾಗಿದರೇ ಹಿಟ್ಟು ಬೆಳಗಾಗುವಾಗ ಉಬ್ಬಿ ಹಂಡೆಯ ಬಾಯಿಗೆ ಬರುವುದು. ಎಲ್ಲ ಕೈಗೂ ಆ ಗುಣ ಇರುವುದಿಲ್ಲ, ನನ್ನ ಕೈಗಿದೆ. ದಿನಾ ಸಂಜೆ ಗ್ರೈಂಡರು ನಿಂತ ಮೇಲೆ ನಾನು ಕೆಳಗಿಳಿದು, ಬಳೆಗಳನ್ನು ಮೇಲಕ್ಕೆ ಸರಿಸಿ, ಮೊಣಕೈವರೆಗೆ ಹಿಟ್ಟಿನಲ್ಲಿ ಕೈಯಿಟ್ಟು ಬೆರೆಸುತ್ತಿದ್ದೆ.

ಹೊರಗಾದ ದಿನಗಳಲ್ಲಿ ಮಾತ್ರ ನಾನು ಕೆಳಗೆ ಇಳಿಯುವಂತಿರಲಿಲ್ಲ. ಮುಟ್ಟಾದ ಹೆಂಗಸು ಕೈಯಿಟ್ಟರೆ ಹಿಟ್ಟು ಕೆಡುತ್ತದೆ ಎಂದು ಇವರ ಮನೆಯವರ ನಂಬಿಕೆ, ನಮ್ಮ ಮನೆಯವರದ್ದೂ ಅದೇ. ಅದರ ಮೇಲೆ ಬೆಳಗಿನ ಮೊದಲ ಇಡ್ಲಿಯನ್ನು ಗಲ್ಲಾದ ಹಿಂದಿನ ದುರ್ಗೆಯ ಪಟದ ಎದುರು ಇಡುವ ಪದ್ಧತಿ. ಹಾಗಾಗಿ ಆ ದಿನಗಳಲ್ಲಿ ಕಾಂತಪ್ಪನವರೇ ಉಪ್ಪು ಬೆರೆಸುತ್ತಿದ್ದರು. ನನ್ನ ಗಂಡ ಒಳ್ಳೆಯವರು, ದುಡಿಯುವವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಆದರೆ ಅವರ ಕೈ ಬಿದ್ದ ಹಿಟ್ಟು ಮುಖ ಊದಿಸಿಕೊಂಡು ಹಂಡೆಯ ತಳದಲ್ಲೇ ಕೂತಿರುತ್ತಿತ್ತು. ಕೆಡಬಾರದು ಎಂದು ಹಿಟ್ಟನ್ನು ನನ್ನಿಂದ ಕಾಪಾಡಿ, ಅದನ್ನು ಖಂಡಿತವಾಗಿ ಕೆಡಿಸುವವರ ಕೈಗೆ ಒಪ್ಪಿಸುತ್ತಿದ್ದೆವು. ಇಷ್ಟು ವರ್ಷ ಇದು ನನ್ನ ತಲೆಗೂ ಹೊಳೆಯಲಿಲ್ಲ.

ಗೋಡೆ ಬದಿಯ ಮೇಜಿನ ಶಶಿಕಾಂತರು ಮೊದಲ ತುತ್ತಿಗೇ ಕಂಡುಹಿಡಿಯುತ್ತಿದ್ದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು, ನಮ್ಮ ಮದುವೆಯ ಕಾಲದಿಂದಲೂ ಬೆಳಗಿನ ತಿಂಡಿ ನಮ್ಮಲ್ಲೇ. ಇಡ್ಲಿ ಗಟ್ಟಿಯಾದ ದಿನ ಗಲ್ಲಾದ ಕಡೆ ತಿರುಗಿ, "ಕಾಂತಪ್ಪನವರ, ಅಕ್ಕಾರು ಊರಿಗೆ ಹೋಗ್ಯಾರೇನ್ರಿ?" ಎನ್ನುತ್ತಿದ್ದರು. ಇವರು ತಲೆ ಎತ್ತದೆ, "ಹೌದು ಮಾರಾಯ್ರೆ, ಊರಿಗೆ ಹೋಗಿದ್ದಾಳೆ" ಎನ್ನುತ್ತಿದ್ದರು. ಪ್ರತಿ ತಿಂಗಳೂ ಹೀಗೆ ಊರಿಗೆ ಹೋಗುತ್ತಿದ್ದ ನಾನು ಅದೇ ಹೊತ್ತಿಗೆ ಅವರ ತಲೆಯ ಮೇಲೆಯೇ, ನಮ್ಮ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಟಿವಿ ನೋಡುತ್ತಿರುತ್ತಿದ್ದೆ. ಅಕ್ಕಾರು ಪಾಪ ತಿಂಗಳಾ ಇಷ್ಟು ಓಡಾಡುತ್ತಾರೆ, ಅವರಿಗೊಂದು ರೈಲ್ವೆ ಪಾಸು ಮಾಡಿಸಿ ಕೊಡಲೇ ಎಂದು ಒಮ್ಮೆ ಶಶಿಕಾಂತರು ಕೇಳಿದರಂತೆ. ಇವರು ಮೇಲೆ ಬಂದು ಅದನ್ನು ಹೇಳಿದಾಗ ನನಗೆ ನಗು ಬಂತು, ಸಿಟ್ಟೂ ಬಂತು.

ನಾನು ಹಿಟ್ಟಿಗೆ ಕೈಯಿಟ್ಟದ್ದಕ್ಕೂ ಒಂದು ಕಥೆಯಿದೆ. ಮದುವೆಯಾಗಿ ವರ್ಷಗಳಾದರೂ ನಮಗೆ ಮಕ್ಕಳಾಗಲಿಲ್ಲ. ಹೇಳಿದ ದೇವರಿಗೆಲ್ಲ ಹರಕೆ ಹೊತ್ತಾಯಿತು, ಹೇಳಿದ ಡಾಕ್ಟರರ ಹತ್ತಿರವೆಲ್ಲ ಚುಚ್ಚಿಸಿಕೊಂಡಾಯಿತು. ಮನೆಗೆ ಬಂದ ನೆಂಟರು ನನ್ನ ಮುಖ ನೋಡುವ ಮೊದಲು ಹೊಟ್ಟೆ ನೋಡುತ್ತಿದ್ದರು. ಅವರ ಎದುರು ಕೂರಲಾರದೆ ಒಂದು ಸಂಜೆ ಕೆಳಗಿಳಿದು ಹೋಟೆಲಿನ ಅಡುಗೆಮನೆಗೆ ಬಂದೆ. ಅಲ್ಲಿ ಇಡ್ಲಿ ಭಟ್ಟರು ಅದೇ ದಿನ ಕೆಲಸ ಬಿಟ್ಟು ಹೋಗಿದ್ದರು, ರುಬ್ಬಿದ ಹಿಟ್ಟು ಹಂಡೆಯಲ್ಲಿ ಹಾಗೇ ಕೂತಿತ್ತು. ಬೇರೇನೂ ಮಾಡಲು ತೋಚದೆ ಉಪ್ಪು ಹಾಕಿ ಬೆರೆಸಿದೆ. ಮರುದಿನದ ಇಡ್ಲಿ ತಿಂದವರು ಇನ್ನೊಂದು ಪ್ಲೇಟ್ ಕೇಳಿದರು, ವಾರ ಕಳೆಯುವಷ್ಟರಲ್ಲಿ ಬಾಗಿಲಲ್ಲಿ ಜನ ನಿಂತು ಕಾಯತೊಡಗಿದರು. ಇವಳ ಹೊಟ್ಟೆಯಲ್ಲಿ ಏನೂ ಹುಟ್ಟುವುದಿಲ್ಲ ಎಂದವರೇ ನನ್ನ ಕೈಯಲ್ಲಿ ಉಬ್ಬಿದ್ದನ್ನು ಬಾಯಿ ಚಪ್ಪರಿಸಿ ತಿಂದರು. ಆ ದಿನಗಳಲ್ಲಿ ನಾನು ತಲೆ ಎತ್ತಿ ನಡೆದದ್ದು ಆ ಹಂಡೆಯ ದೆಸೆಯಿಂದ.

ಮದುವೆಯಾಗಿ ಎಷ್ಟೋ ಕಾಲದ ಮೇಲೆ ನಿಶಾ ಹೊಟ್ಟೆಗೆ ಬಂದಳು. ಬಸುರಿಯಿದ್ದಷ್ಟು ತಿಂಗಳೂ ನಾನು ಹೊರಗಾಗುವ ಮಾತೇ ಇರಲಿಲ್ಲ, ಇಡ್ಲಿ ಒಂದು ದಿನವೂ ಕೆಡಲಿಲ್ಲ. ಹೆರಿಗೆಯಾಗಿ ಬಾಣಂತನ ಮುಗಿಸಿ ಮತ್ತೆ ಹಂಡೆಯ ಎದುರು ನಿಂತೆ. ಮಗು ಹಾಲು ಕುಡಿಯುತ್ತಿದ್ದಷ್ಟು ಕಾಲ ಮುಟ್ಟು ತಿರುಗಿ ಬರಲಿಲ್ಲ. ಮೇಲೆ ನಿಶಾ ಅತ್ತರೆ ಕೆಳಗೆ ನನ್ನ ರವಿಕೆ ಒದ್ದೆಯಾಗುತ್ತಿತ್ತು. ಕೈ ತೊಳೆದು ಓಡಿಹೋಗಿ ಹಾಲು ಕುಡಿಸಿ, ಮತ್ತೆ ಬಂದು ಬೆರೆಸುತ್ತಿದ್ದೆ. ಬಾಣಂತನದ ದಿನಗಳನ್ನು ಬಿಟ್ಟರೆ ಅಷ್ಟು ದೀರ್ಘ ಕಾಲ ಒಂದೇ ಸಮನೆ ಒಳ್ಳೆಯ ಇಡ್ಲಿ ತಿಂದದ್ದನ್ನು ಗಿರಾಕಿಗಳು ಮರೆಯಲಿಲ್ಲ. ಸೇವಂತಿ ಊರಿಗೆ ಹೋಗುವುದನ್ನು ನಿಲ್ಲಿಸಿದರೆ ಆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು.

ಈಗ ನಿಶಾ ಓದು ಮುಗಿಸಿ ಆಫೀಸಿಗೆ ಹೋಗುತ್ತಾಳೆ. ನನಗೆ ನಲವತ್ತೇಳು. ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ಮುಟ್ಟು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಬಾರದೆ ಇದ್ದರೆ ಒಳ್ಳೆಯದೇ ಆಯಿತು ಎಂದುಕೊಂಡು ಸುಮ್ಮನಿದ್ದೆ. ಅದೇ ದಿನಗಳಲ್ಲಿ ಮೈಯಲ್ಲಿ ಇದ್ದಕ್ಕಿದ್ದಂತೆ ಬೆಂಕಿ ಹೊತ್ತಿಕೊಳ್ಳತೊಡಗಿತು. ಎದೆಯಿಂದ ಹೊರಟು ಕುತ್ತಿಗೆ, ಕಿವಿ, ನೆತ್ತಿಗೆ ಏರುತ್ತಿತ್ತು; ಬೆವರಿ ಸೆರಗೆಲ್ಲ ಒದ್ದೆಯಾಗಿ ಆಮೇಲೆ ಚಳಿಯಾಗುತ್ತಿತ್ತು. ಹೋಟೆಲಿನಲ್ಲಿ ಬದುಕುವವರಿಗೆ ಸೆಖೆ ಎಂದರೆ ಒಲೆ, ಬಾಯ್ಲರು, ಎಕ್ಸಾಸ್ಟ್ ಫ್ಯಾನು. ಫ್ಯಾನು ಕೆಟ್ಟಿದೆ ಎಂದು ನಾನು ಇವರ ಮೇಲೆ ರೇಗಿದೆ. ಇವರು ಪಾಪ ಹೊಸ ಫ್ಯಾನು ಹಾಕಿಸಿದರು. ಅದೂ ಸರಿಯಿಲ್ಲ ಎಂದೆ. ರಿಪೇರಿಯವನು ಮೇಲೆ ಹತ್ತಿ, ಇಳಿದು, ಅಡುಗೆಯ ಭಟ್ಟರಲ್ಲಿ ಯಾರಿಗೂ ಇಲ್ಲದ ಸೆಖೆ ಇವರೊಬ್ಬರಿಗೇ ಹೇಗೆ ಎಂದು ಹಿಂದಿಯಲ್ಲಿ ಗೊಣಗಿಕೊಂಡು ಹೋದ. ಅವನ ಮೇಲೂ ರೇಗಿದೆ.

ಆದರೆ ಇಡ್ಲಿ ಒಂದು ದಿನವೂ ಕೆಡಲಿಲ್ಲ. ಶಶಿಕಾಂತರು ಕೆಲವು ವಾರ ಸುಮ್ಮನೆ ತಿಂದರು. ಒಂದು ಬೆಳಗ್ಗೆ ಗಲ್ಲಾದ ಹತ್ತಿರ ಬಗ್ಗಿ, ಅಕ್ಕಾರು ಊರಿಗೆ ಹೋಗದೆ ಬಹಳ ದಿನ ಆಯಿತಲ್ಲ, ನಿಶಾ ಹುಟ್ಟುವ ಮುಂಚೆಯೂ ಹೀಗೇ ಆಗಿತ್ತಲ್ಲ ಎಂದು ಇವರ ಕಿವಿಯಲ್ಲಿ ಹೇಳಿದರಂತೆ. ಅಷ್ಟೇ ಸಾಕಾಯಿತು. ಕಾಂತಪ್ಪನವರು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಇಡ್ಲಿ ಸುಳ್ಳು ಹೇಳುವುದಿಲ್ಲ ಎಂದು ಅವರ ನಂಬಿಕೆ.

ಅಂದಿನಿಂದ ದಿನಾ ಎಳನೀರು ಬರತೊಡಗಿತು. ಮೆಟ್ಟಿಲಿಳಿಯುವಾಗ ಇವರು ಗಲ್ಲಾ ಬಿಟ್ಟು ಬಂದು ಕೈ ಹಿಡಿಯುತ್ತಿದ್ದರು. ನಾನು ಸೆಖೆ ಎಂದು ರೇಗಿದರೆ ಮೊದಲಿನಂತೆ ತಿರುಗಿ ರೇಗದೆ, ಯಾವುದೋ ಗುಟ್ಟು ಗೊತ್ತಿದ್ದವರ ಹಾಗೆ ನಗುತ್ತಿದ್ದರು. ಇಳಿವಯಸ್ಸಿಗೆ ಗಂಡನಿಗೆ ಬುದ್ಧಿ ಬಂತು ಎಂದು ನಾನೂ ಒಳಗೊಳಗೆ ಖುಷಿಪಟ್ಟೆ. ಆಮೇಲೆ ಒಂದು ಭಾನುವಾರ ಚೆಂಬೂರಿನಿಂದ ಇವರ ಅಕ್ಕ ವಾರಿಜಕ್ಕ ಬಂದಿಳಿದರು. ಒಂದು ಕೈಯಲ್ಲಿ ಊರಿನಿಂದ ತರಿಸಿದ ಶಂಕರಪುರ ಮಲ್ಲಿಗೆಯ ಅಟ್ಟಿಯ ಕಟ್ಟು, ಇನ್ನೊಂದರಲ್ಲಿ ಹಸಿರು ಸೀರೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಹೂವು ಮುಡಿಸಿ ಕಣ್ಣೊರೆಸಿಕೊಂಡರು.

"ಈ ಪ್ರಾಯದಲ್ಲಿ ಅಂತ ನಾಚಿಕೆ ಎಂತದ್ದಕ್ಕೆ ಸೇವಂತಿ? ದೇವರು ಕೊಡುವಾಗ ಪ್ರಾಯ ಕೇಳಿ ಕೊಡ್ತಾನಾ? ಬಯಕೆ ಶಾಸ್ತ್ರ ನಮ್ಮ ಚೆಂಬೂರಿನ ಮನೆಯಲ್ಲೇ ಮಾಡುವ."

ಆಗ ನನಗೆ ಎಳನೀರಿನ ಅರ್ಥವಾಯಿತು. ನಾನು ಅಲ್ಲ ಎನ್ನಬಹುದಿತ್ತು, ಆದರೆ ಎನ್ನಲಿಲ್ಲ. ನಿಜ ಹೇಳುತ್ತೇನೆ, ಆ ಕ್ಷಣ ನನಗೂ ಆಸೆ ಹುಟ್ಟಿತು. ಎಷ್ಟೋ ವರ್ಷ ತಿಂಗಳು ತಿಂಗಳೂ ಕಾದು ಸೋತ ಹೊಟ್ಟೆ ಅದು. ಹೌದಾಗಿದ್ದರೆ ಎಂದುಕೊಂಡು ಸೆರಗಿನೊಳಗೆ ಕೈಯಿಟ್ಟು ಹೊಟ್ಟೆ ಮುಟ್ಟಿ ನೋಡಿಕೊಂಡೆ. ಇಷ್ಟು ದಿನದ ಬೆಂಕಿ, ಬೆವರು, ನಿದ್ರೆ ಇಲ್ಲದ ರಾತ್ರಿಗಳು ಎಲ್ಲ ಅದಕ್ಕೇ ಇರಬಹುದು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ವಾರಿಜಕ್ಕ ಹೋದ ಮೇಲೆ ನಿಶಾಳನ್ನು ಒಳಗೆ ಕರೆದು ಹೇಳಿದೆ. ಅವಳು ಬಿದ್ದು ಬಿದ್ದು ನಗುತ್ತಾಳೆ ಎಂದುಕೊಂಡಿದ್ದೆ, ನಗಲಿಲ್ಲ. ಮೆಡಿಕಲ್ ಅಂಗಡಿಯಿಂದ ಪರೀಕ್ಷೆಯ ಪಟ್ಟಿ ತಂದಳು. ಗೆರೆ ಒಂದೇ ಬಂತು. ಇನ್ನೊಂದು ಗೆರೆ ಬರಬಹುದೆಂದು ನಾನು ಬಚ್ಚಲಿನ ದೀಪದ ಕೆಳಗೆ ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ನಿಶಾ ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು. ಅವಳ ಕನ್ನಡ ಅಷ್ಟಕ್ಕಷ್ಟೆ, ಅರ್ಧ ಹಿಂದಿ. "ಅಮ್ಮ, ಬಸ್. ನಾಳೆ ಡಾಕ್ಟರ್ ಹತ್ತಿರ ಹೋಗುವ. ನಾನು ಛುಟ್ಟಿ ತಗೊಳ್ತೇನೆ" ಎಂದಳು.

ಡಾಕ್ಟರಮ್ಮ ಮರಾಠಿಯವರು, ನನ್ನದೇ ಪ್ರಾಯ. ಪರೀಕ್ಷೆಗಳನ್ನೆಲ್ಲ ಮಾಡಿ ಸಮಾಧಾನವಾಗಿ ಹೇಳಿದರು. ಇದು ರೋಗವಲ್ಲ, ಮುಟ್ಟು ನಿಲ್ಲುವ ಕಾಲ. ನಿಲ್ಲುವ ಮೊದಲು ಹೀಗೆ ತಪ್ಪಿ ತಪ್ಪಿ ಬರುತ್ತದೆ, ಬಾರದೆ ಇದ್ದದ್ದು ಯಾವ ದಿನ ಬೇಕಾದರೂ ಮತ್ತೆ ಬರಬಹುದು. ವರ್ಷ ಪೂರ್ತಿ ಬಾರದಿದ್ದರೆ ಮಾತ್ರ ನಿಂತಿತು ಎಂದು ತಿಳಿಯಬೇಕು. ಹಾಗೆ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಈಗಲೇ ವಿಪರೀತ ಹೋದರೂ ತಡಮಾಡದೆ ತೋರಿಸಬೇಕು. ಮೈ ಬಿಸಿಯಾಗುವುದು, ನಿದ್ರೆ ಕೆಡುವುದು, ರೇಗುವುದು ಎಲ್ಲ ಇದರದ್ದೇ. ತಡೆಯಲಾರದಷ್ಟಾದರೆ ಅದಕ್ಕೂ ಔಷಧಿ ಇದೆ. ನಾನು ಎಕ್ಸಾಸ್ಟ್ ಫ್ಯಾನಿನ ಕಥೆ ಹೇಳಿದೆ. ಅವರು ಜೋರಾಗಿ ನಕ್ಕು, ತಾವೂ ಮನೆಯಲ್ಲಿ ಎಸಿಯವನನ್ನು ಕರೆಸಿ ಬೈದದ್ದಾಗಿ ಹೇಳಿದರು.

ಹಿಂತಿರುಗುವಾಗ ರಿಕ್ಷಾದಲ್ಲಿ ಸ್ವಲ್ಪ ಅತ್ತೆ. ನಿಶಾ ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಹೋದ ತಕ್ಷಣ ಇವರಿಗೆ ಹೇಳಿಬಿಡಬೇಕು, ಆಸೆ ಬೆಳೆಯಲು ಬಿಡಬಾರದು ಎಂದು ಗಟ್ಟಿ ಮಾಡಿಕೊಂಡೇ ಬಂದೆ.

ಬಂದು ನೋಡಿದರೆ ಕಾಂತಪ್ಪನವರು ಅಡುಗೆಮನೆಯ ಹಿಂದಿನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ನಿಶಾಳ ಹಳೆಯ ತೊಟ್ಟಿಲನ್ನು ಸೋಪು ಹಚ್ಚಿ ತೊಳೆಯುತ್ತಿದ್ದರು. ಅವಳು ಬೆಳೆದ ಮೇಲೆ ಆ ತೊಟ್ಟಿಲು ಹೋಟೆಲಿನ ಈರುಳ್ಳಿ ತುಂಬಿಡುವ ಜಾಗವಾಗಿತ್ತು. ಈರುಳ್ಳಿಯನ್ನೆಲ್ಲ ನೆಲಕ್ಕೆ ಸುರಿದು, ಮರದ ಸಂದಿಗಳಲ್ಲಿ ಸಿಕ್ಕಿದ ಸಿಪ್ಪೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತಿದ್ದರು. ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ ಎಂದು ನನ್ನನ್ನು ಕಂಡು ನಕ್ಕರು. ನನಗೆ ಹೇಳಲಾಗಲಿಲ್ಲ.

ಅದೇ ಸಂಜೆ ಹಂಡೆಯಲ್ಲಿ ಕೈಯಿಟ್ಟಿದ್ದೆ. ಪಕ್ಕದಲ್ಲಿ ಹಾಲವ್ವ ಚಟ್ನಿಗೆ ತೆಂಗಿನಕಾಯಿ ಹೆರೆಯುತ್ತಿದ್ದಳು. ಬಾಗಲಕೋಟೆ ಕಡೆಯವಳು, ಗಂಡ ಬಿಲ್ಡಿಂಗ್ ಕೆಲಸ, ಇವಳು ನಮ್ಮಲ್ಲಿ ಕಾಯಿ, ಈರುಳ್ಳಿ, ಪಾತ್ರೆ. ಹಿಟ್ಟು ಅರ್ಧ ಬೆರೆತಿರುವಾಗ ಕೆಳಹೊಟ್ಟೆ ಹಿಂಡಿತು. ಆಮೇಲೆ ಆ ಒದ್ದೆ. ಇಷ್ಟು ವರ್ಷದ ಮೇಲೆ ಅದು ಏನೆಂದು ತಿಳಿಯಲು ನೋಡಬೇಕಾಗಿರಲಿಲ್ಲ. ಡಾಕ್ಟರಮ್ಮ ಹೇಳಿದ ಹಾಗೆಯೇ, ತಿಂಗಳುಗಟ್ಟಲೆ ಕೈಕೊಟ್ಟದ್ದು ಅಂದೇ ಬಂದಿತ್ತು, ಅದೂ ನನ್ನ ಕೈ ಮೊಣಕೈವರೆಗೆ ಹಿಟ್ಟಿನಲ್ಲಿದ್ದಾಗ.

ಹಂಡೆ ಪೂರ್ತಿ ಚೆಲ್ಲಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಮೇಲೆ ಹೋಗಬೇಕು. ಕೈ ತೆಗೆಯದೆ ಹಾಗೇ ನಿಂತೆ. ಹಾಲವ್ವ ನನ್ನ ಮುಖ ನೋಡಿ ಏನಾಯಿತು ಎಂದಳು. ನಾನು ಅದಕ್ಕೆ ಉತ್ತರ ಕೊಡದೆ, ನೀನು ಹೊರಗಾದ ದಿನ ಎಂತ ಮಾಡುತ್ತಿ ಎಂದು ಕೇಳಿದೆ. ಅವಳು ಹೆರೆಯುವುದನ್ನು ನಿಲ್ಲಿಸಲೂ ಇಲ್ಲ.

"ಮಾಡೂದೇನ್ರಿ ಅಕ್ಕಾರ? ಕಾಯಿ ಹೆರೀತೀನಿ. ಒಂದಿನಾರ ನಿಮ್ಮ ಚಟ್ನಿ ಕೆಟ್ಟೈತೇನ್ರಿ?"

ಕೆಟ್ಟಿರಲಿಲ್ಲ. ಅವಳು ಬಂದಾಗಿನಿಂದ ಒಂದು ದಿನವೂ ಕೆಟ್ಟಿರಲಿಲ್ಲ. ಅವಳ ಮುಟ್ಟಿನ ವಿಚಾರ ಯಾರೂ ಕೇಳಿರಲಿಲ್ಲ, ಏಕೆಂದರೆ ಕೇಳಿದರೆ ಕಾಯಿ ಹೆರೆಯುವವರಿರಲಿಲ್ಲ. ನನಗೆ ಮೈಯೆಲ್ಲ ಬೆಂಕಿ ಏರಿತು. ಅದು ಡಾಕ್ಟರಮ್ಮ ಹೇಳಿದ ಬಿಸಿಯಲ್ಲ, ಅಪ್ಪಟ ಸಿಟ್ಟು. ಈ ಕೈ ಎಷ್ಟು ಸಲ ಮಹಡಿ ಮೇಲೆ ಸುಮ್ಮನೆ ಕೂತಿತ್ತು ಎಂದು ನೆನೆದು ಬಂದ ಸಿಟ್ಟು. ಕೈ ತೆಗೆಯಲಿಲ್ಲ. ತಳದಿಂದ ಮೇಲಕ್ಕೆ, ಮೇಲಿನಿಂದ ತಳಕ್ಕೆ, ಯಾವತ್ತಿಗಿಂತ ಹೆಚ್ಚೇ ಹೊತ್ತು ಬೆರೆಸಿ, ಮುಚ್ಚಳ ಮುಚ್ಚಿ ಮೇಲೆ ಹೋದೆ.

ಬೆಳಗ್ಗೆ ಎಲ್ಲರಿಗಿಂತ ಮೊದಲು ಕೆಳಗಿಳಿದು ಬಂದೆ. ಮುಚ್ಚಳ ಎತ್ತುವ ಮೊದಲೇ ಅದು ತಾನಾಗಿ ಒಂದು ಬೆರಳಷ್ಟು ಎದ್ದು ನಿಂತಿತ್ತು. ಹಿಟ್ಟು ಉಬ್ಬಿ ಹಂಡೆಯ ಬಾಯಿ ದಾಟಿತ್ತು. ನಾನು ಅಲ್ಲೇ ನಿಂತು ನನ್ನ ಕೈಗಳನ್ನು ನೋಡಿಕೊಂಡೆ. ಅಷ್ಟು ಹೆಮ್ಮೆ ನನಗೆ ನಿಶಾ ಹುಟ್ಟಿದ ದಿನವೂ ಆಗಿತ್ತೋ ಇಲ್ಲವೋ.

ಮೊದಲ ಇಡ್ಲಿಯನ್ನು ಇವರು ದುರ್ಗೆಯ ಪಟದ ಎದುರಿಟ್ಟು ಕೈಮುಗಿದರು. ಸ್ವಲ್ಪ ಹೊತ್ತಿಗೆ ವಾರಿಜಕ್ಕ ಬಂದರು; ಬಯಕೆ ಶಾಸ್ತ್ರಕ್ಕೆ ದಿನ ಗೊತ್ತು ಮಾಡಲು ಬೆಳಗಿನ ಲೋಕಲ್ ಹಿಡಿದು ಬಂದಿದ್ದರು. ಶಶಿಕಾಂತರು ಗೋಡೆ ಬದಿಯ ಮೇಜಿನಲ್ಲಿ ಕೂತು ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮಲ್ಲಿಗೆ ಆಗೇತ್ರಿ ಕಾಂತಪ್ಪನವರ, ಇನ್ನ ತಡ ಮಾಡಬ್ಯಾಡ್ರಿ, ಪೇಡೆ ತರಸ್ರಿ ಎಂದು ಇಡೀ ಹೋಟೆಲಿಗೆ ಕೇಳುವ ಹಾಗೆ ಹೇಳಿದರು. ಇವರು ನಾಚಿ ಗಲ್ಲಾದ ಹಿಂದೆ ತಲೆ ತಗ್ಗಿಸಿದರು. ಅಕ್ಕಪಕ್ಕದ ಮೇಜಿನವರು ನಗತೊಡಗಿದರು.

ಇಷ್ಟು ವರ್ಷದಲ್ಲಿ ನಾನು ಗಿರಾಕಿಗಳಿರುವಾಗ ಅಡುಗೆಮನೆಯ ಬಾಗಿಲು ದಾಟಿ ಹೊರಗೆ ಬಂದವಳಲ್ಲ. ಅಂದು ಬಂದೆ. ಕೈ ಒರೆಸಿಕೊಂಡು ಹೋಟೆಲಿನ ನಡುವೆ ನಿಂತೆ. ನನ್ನ ಮೈ ನನ್ನದು ಎಂದು ಒಂದು ಸಲವಾದರೂ ಹೇಳದಿದ್ದರೆ ಇವರೆಲ್ಲ ಇಡ್ಲಿ ನೋಡಿಯೇ ನನ್ನ ತಿಥಿಯನ್ನೂ ಗೊತ್ತು ಮಾಡುತ್ತಾರೆ ಎನ್ನಿಸಿತು.

"ಶಶಿಕಾಂತಣ್ಣ, ಪೇಡೆ ಬೇಡ. ನಾನು ಬಸುರಿ ಅಲ್ಲ. ನನಗೆ ಮುಟ್ಟು ನಿಲ್ಲುವ ಪ್ರಾಯ ಆಯ್ತು, ಡಾಕ್ಟರು ಹೇಳಿದ್ದಾರೆ. ಅದು ನಿಂತದ್ದೂ ಅಲ್ಲ, ನಿನ್ನೆ ಸಂಜೆ ಬಂದಿದೆ. ಈಗ ನೀವು ತಿಂದದ್ದು ಆ ಕೈಯಲ್ಲೇ ಬೆರೆಸಿದ ಹಿಟ್ಟು."

ಮೊದಲು ಬಾಯಿಬಿಟ್ಟವರು ವಾರಿಜಕ್ಕ. ದೇವರ ಎದುರು ಇಟ್ಟಾಯಿತಲ್ಲ, ಎಂತ ಅನಾಚಾರ ಇದು, ಇಡೀ ಹಿಟ್ಟು ಕೆಟ್ಟುಹೋಯಿತು ಎಂದು ಎದೆ ಹಿಡಿದುಕೊಂಡರು. ನಾನು ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಹಂಡೆ ತೋರಿಸಿದೆ.

"ಕೆಡುವುದಾದರೆ ಇಲ್ಲಿ ಕೆಡಬೇಕಿತ್ತು ಅಕ್ಕ. ನೋಡಿ, ಎಲ್ಲಿ ಕೆಟ್ಟಿದೆ ಹೇಳಿ."

ಅವರು ನೋಡಿದರು. ಅವರದೂ ಹೋಟೆಲಿನವರ ಮನೆ, ಹಿಟ್ಟಿನ ಬಗ್ಗೆ ಸುಳ್ಳು ಹೇಳುವವರಲ್ಲ. ಮೂಗು ಒರೆಸಿಕೊಂಡರು. ಹೊರಗೆ ಬಂದಾಗ ಒಬ್ಬಿಬ್ಬರು ತಟ್ಟೆ ಬಿಟ್ಟು ಎದ್ದಿದ್ದರು. ಶಶಿಕಾಂತರು ಎದ್ದಿರಲಿಲ್ಲ. ಮುಖ ಕೆಂಪಾಗಿತ್ತು, ನನ್ನ ಕಡೆ ನೋಡಲಿಲ್ಲ, ಆದರೆ ತಟ್ಟೆಯಲ್ಲಿದ್ದ ಇಡ್ಲಿಯನ್ನು ಚಟ್ನಿಗೆ ಅದ್ದಿ ನಿಧಾನವಾಗಿ ತಿಂದು ಮುಗಿಸಿದರು. ಗಲ್ಲಾದಲ್ಲಿ ಕಾಂತಪ್ಪನವರು ಇರಲಿಲ್ಲ, ಚಪ್ಪಲಿಯೂ ಇರಲಿಲ್ಲ.

ಇಡೀ ದಿನ ಅವರು ಬರಲಿಲ್ಲ. ನಾನು ಮೇಲೆ ಕೂತು ಕಾದೆ. ಜನರೆದುರು ಹೇಳಿದ್ದಕ್ಕೆ ಬೇಸರವಿರಲಿಲ್ಲ. ಇವರಿಗೆ ಮೊದಲು ಒಬ್ಬರಿಗೇ ಹೇಳಬೇಕಾಗಿತ್ತು ಎಂದು ಮಾತ್ರ ಮನಸ್ಸು ಕೊರೆಯುತ್ತಿತ್ತು. ಹಾಗಿದ್ದರೂ ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ. ಇವತ್ತು ಸಂಜೆ ಹಂಡೆಯ ಹತ್ತಿರ ಬರಬೇಡ ಎಂದು ಇವರು ಹೇಳಿದರೆ, ನಾಳೆಯಿಂದ ಒಳ್ಳೆಯ ದಿನಗಳಲ್ಲೂ ನನ್ನ ಕೈ ಆ ಹಿಟ್ಟಿಗೆ ಬೀಳುವುದಿಲ್ಲ. ಕೈ ಬೇಕಾದರೆ ತಿಂಗಳೆಲ್ಲ ಬೇಕು, ಇಲ್ಲದಿದ್ದರೆ ಬೇಡವೇ ಬೇಡ.

ಗ್ರೈಂಡರು ನಿಂತದ್ದು ಕೇಳಿ ಕೆಳಗಿಳಿದೆ. ಕಾಂತಪ್ಪನವರು ಹಂಡೆಯ ಎದುರು ಅಂಗಿಯ ತೋಳು ಮಡಚಿಕೊಂಡು ನಿಂತಿದ್ದರು. ತಾವೇ ಬೆರೆಸಲು ನಿಂತಿದ್ದಾರೆ, ಇಲ್ಲಿಗೆ ನನ್ನ ಕೆಲಸ ಮುಗಿಯಿತು ಎಂದುಕೊಂಡು ತಿರುಗಿದೆ. ತಿರುಗುವಾಗ ಮೂಲೆಯ ತೊಟ್ಟಿಲು ಕಣ್ಣಿಗೆ ಬಿತ್ತು. ಈರುಳ್ಳಿಯನ್ನೆಲ್ಲ ಆರಿಸಿ ಮತ್ತೆ ಅದರಲ್ಲೇ ತುಂಬಿಟ್ಟಿದ್ದರು. ಅಷ್ಟು ತೊಳೆದು ಒರೆಸಿದ್ದ ತೊಟ್ಟಿಲು. ನನಗೆ ಅಳು ಉಕ್ಕಿ ಬಂತು.

"ಇವ್ರೇ, ಹೇಳ್ಬೇಕು ಅಂತ್ಲೇ ಬಂದಿದ್ದೆ. ನೀವು ತೊಟ್ಟಿಲು ತೊಳೀತಿದ್ರಿ" ಎಂದೆ.

ಅವರು ಹಿಟ್ಟನ್ನೇ ನೋಡುತ್ತ, ಆಸೆ ನನ್ನದು, ನೀನು ಎಂತ ಮಾಡ್ತಿ ಎಂದರು. ಉಪ್ಪಿನ ಡಬ್ಬ ಕೈಯಲ್ಲೇ ಇತ್ತು. ಬೆಳಗ್ಗೆ ಎದ್ದು ಹೋದವರು ಬೀಚಿಗೆ ಹೋಗಿ ಕೂತಿದ್ದರಂತೆ. ಅಲ್ಲಿ ಅವರಿಗೆ ಮಗುವಿನ ಯೋಚನೆ ಬಂದದ್ದು ಸ್ವಲ್ಪ ಹೊತ್ತಂತೆ, ಉಳಿದದ್ದೆಲ್ಲ ಇಡ್ಲಿಯ ಯೋಚನೆ.

"ಇಷ್ಟು ವರ್ಷ ಪ್ರತಿ ತಿಂಗಳು ನಾನು ಜನಕ್ಕೆ ಕಲ್ಲು ತಿನ್ಸಿದ್ದಲ್ವಾ ಮಾರಾಯ್ತಿ. ನೀನು ಮೇಲೆ ಇದ್ದಿ. ಕೈ ಸರಿಯೇ ಇತ್ತು. ನಾನೇ ಬೇಡ ಅಂದದ್ದು."

ಡಬ್ಬ ನನ್ನ ಕಡೆ ಚಾಚಿ, ತೋಳು ಇಳಿಸಿಕೊಂಡು, ಗಲ್ಲಾಕ್ಕೆ ಹೋದರು. ನಾನು ಬಳೆ ಸರಿಸಿ ಕೈಯಿಟ್ಟೆ. ಹಾಲವ್ವ ತೆಂಗಿನಕಾಯಿಯ ಹಿಂದಿನಿಂದ ನನ್ನನ್ನು ನೋಡಿ ನಕ್ಕಳು. ಮರುದಿನ ಬೆಳಗ್ಗೆ ಇವರು ಮೊದಲ ಇಡ್ಲಿಯನ್ನು ಪಟದ ಎದುರಿಟ್ಟು ಯಾವತ್ತಿನಂತೆ ಕೈಮುಗಿದರು. ಎಲ್ಲ ಗೊತ್ತಿದ್ದೇ ಇಟ್ಟರು.

ಎದ್ದು ಹೋದ ಒಬ್ಬಿಬ್ಬರಲ್ಲಿ ಒಬ್ಬರು ಮತ್ತೆ ಬಂದರು, ಇನ್ನೊಬ್ಬರು ಬರಲಿಲ್ಲ. ಬಾರದವರಿಗೆ ಒಳ್ಳೆಯ ಇಡ್ಲಿ ತಪ್ಪಿತು. ನನ್ನ ಮುಟ್ಟು ಆಮೇಲೂ ಒಂದೆರಡು ಸಲ ಕೇಳದೆ ಬಂತು, ಹೇಳದೆ ಹೋಯಿತು. ಆಗಾಗ ಬೆಂಕಿ ಏರಿದರೆ ಫ್ಯಾನನ್ನು ಬೈಯುವುದನ್ನು ಬಿಟ್ಟು ಕಿಟಕಿಯ ಹತ್ತಿರ ನಿಂತು ನೀರು ಕುಡಿಯುತ್ತೇನೆ, ಅಮ್ಮನಿಗೆ ಬಿಸಿ ಬಂತು ಎಂದು ಭಟ್ಟರಿಗೆ ನಾನೇ ಹೇಳುತ್ತೇನೆ. ಅವರು ನಾಚುತ್ತಾರೆ, ನಾನು ನಾಚುವುದಿಲ್ಲ.

ನಿಶಾ ಒಂದು ಸಂಜೆ ಆಫೀಸಿನಿಂದ ಬಂದವಳು ಚೀಲ ಬಿಸಾಡಿ ನನ್ನ ಪಕ್ಕ ನಿಂತು, ನನಗೂ ಕಲಿಸು ಎಂದಳು. ಕಲಿಸಿದೆ. ಎಷ್ಟು ಉಪ್ಪು, ಎಷ್ಟು ಹೊತ್ತು ಎನ್ನುವುದನ್ನೆಲ್ಲ ಹೇಳಿ ಕೊಡಬಹುದು, ಬಿಸಿ ಮಾತ್ರ ಅವರವರ ಕೈಯದೇ. ಅವಳ ಕೈಯಲ್ಲಿ ಅದಿತ್ತು. ಮೊದಲ ಸಲ ಅವಳು ಬೆರೆಸಿದ ಹಿಟ್ಟು ಬೆಳಗ್ಗೆ ಮುಚ್ಚಳ ಎತ್ತಿದ್ದನ್ನು ಕಂಡು ನಾನು ಯಾರಿಗೂ ಕಾಣದ ಹಾಗೆ ಕಣ್ಣೊರೆಸಿಕೊಂಡೆ.

ಈ ಮೇ ತಿಂಗಳಲ್ಲಿ ನಾನು ನಿಜವಾಗಿ ಊರಿಗೆ ಹೋದೆ. ಕಾರ್ಕಳದಲ್ಲಿ ತಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಕುರ್ಲಾದಿಂದ ರೈಲು ಹತ್ತಿಸುವಾಗ ಇವರ ಮುಖದಲ್ಲಿ ಗಾಬರಿ ಇತ್ತು, ನಿಶಾಳ ಮುಖದಲ್ಲಿ ಇರಲಿಲ್ಲ. ಮರುದಿನ ತಮ್ಮನ ಮನೆಯ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ಅವಳ ಫೋನು ಬಂತು. ಹೋಟೆಲಿನ ಗದ್ದಲದ ನಡುವೆ ಕಿವಿಗೊಟ್ಟು ಕೇಳು ಎಂದು ಹೇಳಿ ಫೋನನ್ನು ಗಲ್ಲಾದ ಮೇಲಿಟ್ಟಳು.

ಶಶಿಕಾಂತರ ದನಿ ಕೇಳಿಸಿತು. ಒಳಗಿರುವ ಅಕ್ಕಾರಿಗೆ ನಮಸ್ಕಾರ ಹೇಳಿ ಎನ್ನುತ್ತಿದ್ದರು. ಸೇವಂತಿ ಇಲ್ಲ, ಊರಿಗೆ ಹೋಗಿದ್ದಾಳೆ ಎಂದು ಇವರು ಹೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಅದು ನಿಜವಾಗಿತ್ತು.

"ಹೋಗ್ರಿ ಕಾಂತಪ್ಪನವರ, ಸುಳ್ಳು ಹೇಳಬ್ಯಾಡ್ರಿ. ಇಡ್ಲಿ ತಿಂದೀನಿ ನಾ. ಅಕ್ಕಾರು ಒಳಗ ಅದಾರ."

ನಿಶಾ ಫೋನು ಎತ್ತಿಕೊಂಡಳು. ನಗು ತಡೆದುಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿರಬೇಕು.

"ಅಮ್ಮ, ನಿನ್ನೆ ನನ್ನ ಪೀರಿಯಡ್ ಫಸ್ಟ್ ಡೇ ಇತ್ತು. ಪಪ್ಪಾಗೆ ಗೊತ್ತುಂಟು. ಅವರೇ ಬಂದು ಉಪ್ಪು ಕೊಟ್ಟದ್ದು."